ಡಬ್ಬಿ ಚಾಲೂ ಆಗವಲ್ದು!

ಖರೇ ಹೇಳ್ರಿ, ಮನಿ ಕಂಪ್ಯೂಟರಿಗಿ ನೀವು ಕಡೀಕ ಯಾವಾಗ ಏಟ ಹಾಕಿದ್ರಿ? ಹಾಕೇ ಇಲ್ಲೇನು? ಮಾನಿಟರ್ ತಲಿ ಮ್ಯಾಲ ಮೆಲ್ಲಕ, ಪ್ರೀತಿಲೆ ಒಂದು ಟಪ್ಪಂತ? (ಬಾಗಿಲ ಹಿಂದ ನಿಂತು ಮಕ್ಕಳು ನೋಡ್ಯಾರ, ಸುಳ್ಳ ಹೇಳಬ್ಯಾಡ್ರಿ.) ಟಿವಿಗಿ ಬಡದು ಚಿತ್ರಹಾರ ನೋಡಿದ ಕೈ ನಮ್ದು. ಮಷೀನ್ ಬದಲಾತು, ಕೈ ಬದಲಾಗಿಲ್ಲ.

ಮತ್ತ ಹೊಡದದ್ದು ಯಾರಿಗಿ? ಮಾನಿಟರಿಗಿ! ತಪ್ಪ ಇದ್ರ ಕೆಳಗಿನ ಡಬ್ಬ್ಯಾಗ ಇರ್ತದ, ಏಟ ಮಾತ್ರ ಮ್ಯಾಲಿನವಗ. ಅದು ಪಾಪ 'ನೋ ಸಿಗ್ನಲ್' ಅಂತ ಬರದು ತೋರಸ್ಲತ್ತದ. ಅಂದ್ರ, 'ಯಪ್ಪಾ, ನಾ ಆರಾಮ ಅದೀನಿ, ಆ ಕಡಿಯಿಂದನೇ ಏನೂ ಬರವಲ್ದು' ಅಂತ. ಹಿಂದಿನ ಕೇಬಲ್ ಸಡ್ಲ ಆಗಿರ್ತದ, ಅಷ್ಟೇ. ಮುಂಜಾನಿ ಅಲ್ಲಿ ಕಸಬರಗಿ ಆಡಿಸಿದವರು ಯಾರು ಅಂತ ಮನ್ಯಾಗ ಕೇಳೋ ಧೈರ್ಯ ಇದ್ರ ಕೇಳ್ರಿ. ಇಲ್ಲಂದ್ರ ಗಪ್ಪಚುಪ್ ಕೇಬಲ್ ಒತ್ತಿ ಬಿಡ್ರಿ.

ಡಬ್ಬಿ ವಿಷಯಕ್ಕ ಬರೋಣು. ಕಲಬುರಗಿ ಬ್ಯಾಸಿಗಿ ನಿಮಗ ಗೊತ್ತೇ ಅದ, ಏಪ್ರಿಲ್-ಮೇದಾಗ 42, 43 ಡಿಗ್ರಿ. ನೀವು ಕೂಲರ್ ಮುಂದ ಬನಿಯನ್ ಮ್ಯಾಲ ಕೂತಿರ್ತೀರಿ. ಡಬ್ಬಿ ಎಲ್ಲದ? ಕಂಪ್ಯೂಟರ್ ಟೇಬಲಿನ ಕೆಳಗಿನ ಖಾನ್ಯಾಗ, ಗ್ವಾಡಿಗಿ ಹತ್ತಿಕೊಂಡು, ಮ್ಯಾಲ ಹೂವಿನ ಡಿಸೈನ್ ಕವರ್ ಹಾಕ್ಕೊಂಡು! (ಧೂಳ ಕೂಡಬಾರದಲ್ಲ ಅಂತೀರಿ. ಧೂಳ ಒಳಗ ಕೂತು ವರ್ಷ ಆಗ್ಯಾವ. ಈಗ ಕವರಿನಿಂದ ಅದಕ್ಕ ಹೊರಗ ಬರ್ಲಿಕ್ಕ ಆಗವಲ್ದು.)

ಒಳಗಿನ ಪ್ರೊಸೆಸರ್ ನೂರು ಡಿಗ್ರಿ ಆಸುಪಾಸು ಮುಟ್ತಂದ್ರ ತಾನೇ ಬಂದ್ ಆಗಿಬಿಡ್ತದ, ಸುಟ್ಟು ಹೋಗಬಾರದು ಅಂತ. ಚಾಲೂ ಆಗ್ತದ, ಎರಡು ನಿಮಿಷ ನಡೀತದ, ಟಪ್ಪಂತ ಹೋಗ್ತದ. ನೀವು 'ವೈರಸ್' ಅಂತೀರಿ. ಎಲ್ಲೀ ವೈರಸ್ ರೀ? ಕವರ್ ತೆಗೀರಿ. ಬಂದ್ ಮಾಡಿ, ಪ್ಲಗ್ ಕಿತ್ತಿ, ಪಂಖಾದಾಗಿನ ಧೂಳ ಬ್ರಶ್‌ಲೆ ಝಾಡಿಸ್ರಿ. ಅರ್ಧ ರೋಗ ಅಲ್ಲೇ ಹೋಗ್ತದ.

ಖಂಡೇಪೂಜಿ ಬಂದಾಗಂತೂ ಕೇಳಬ್ಯಾಡ್ರಿ. ವರ್ಷಪೂರ್ತಿ ಒರಸಲಾರದ ಡಬ್ಬಿಗಿ ಅವತ್ತು ಹಸಿ ವಿಭೂತಿ, ಕುಂಕುಮ, ಮುಂದ ಕಾಯಿ, ತಲಿ ಮ್ಯಾಲ ಬಾಳಿಹಣ್ಣು. ಅದೂ ಕಮಲಾಪುರದ ಕೆಂಪು ಬಾಳಿಹಣ್ಣು! ಅದಕ್ಕ ಜಿಐ ಟ್ಯಾಗ್ ಅದ ಅಂತ ನಿಮಗ ಅಭಿಮಾನ. ಇರಬಿಗಿ ಟ್ಯಾಗ್ ಬ್ಯಾಕಿಲ್ಲ, ವಾಸನಿ ಸಾಕು. ನಾಕು ದಿನಕ್ಕ ಮದರ್‌ಬೋರ್ಡ್ ಮ್ಯಾಲ ಅವುಗಳ ಜಾತ್ರಿ.

ಕಮಲಾಪುರ ಅಂದಕೂಡ್ಲೆ ನೆನಪಾತು. ನೀವು ಅಲ್ಲಿಯವರಿದ್ರ ಈ ಕಥಿ ನಿಮ್ದೇ. ಡಬ್ಬಿ ಚಾಲೂ ಆಗವಲ್ದು. ಹಳೀ ಚಾದರದಾಗ ಗಂಟ ಕಟ್ಟಿ, ಹುಮನಾಬಾದ್ ಕಡಿಯಿಂದ ಬರೋ ಬಸ್ ಹತ್ತಿ, ಕೂಸಿನಂಗ ತೊಡಿ ಮ್ಯಾಲ ಕೂಡಿಸಿಕೊಂಡು ಕಲಬುರಗಿಗಿ ಬರ್ತೀರಿ. ಸೂಪರ್ ಮಾರ್ಕೆಟ್ ಕಡಿ ಯಾವುದೋ ರಿಪೇರಿ ಅಂಗಡ್ಯಾಗ ಇಳಸ್ತೀರಿ. ಹುಡುಗ ವೈರ್ ಹಚ್ಚಿ ಬಟನ್ ಒತ್ತತಾನ. ಚಾಲೂ!

ನಿಮ್ಮ ಮಾರಿ ಆಗ ನೋಡಬೇಕು. 'ಮನ್ಯಾಗ ಆಗಲ್ದಿತ್ತು ರೀ, ದೇವರಾಣಿ!' ಅಂತೀರಿ. ಅಂವ ನಗತಾನ, ಚೆಕ್ಕಿಂಗ್ ಚಾರ್ಜ್ ತಗೋತಾನ. ಮತ್ತ ಚಾದರ, ಮತ್ತ ಬಸ್. ಮನಿಗಿ ಬಂದು ಹಚ್ಚಿದ್ರ ಮತ್ತ ಬಂದ್! (ಮನಿ ವಾಸ್ತು ಸರಿ ಇಲ್ಲ ಅಂತ ಅತ್ತಿ ಹೇಳಿರ್ತಾಳ, ಅದನ್ನ ಬಿಡ್ರಿ.) ಕಳ್ಳ ಯಾರು ಗೊತ್ತೇನು? ಕಳ್ಳ ಬಸ್ ಹತ್ತೇ ಇಲ್ಲ. ಆ ಹತ್ತು ವರ್ಷದ ಎಕ್ಸ್‌ಟೆನ್ಶನ್ ಬೋರ್ಡ್, ಬ್ಯಾಟರಿ ಸತ್ತ ಯುಪಿಎಸ್, ಸಡ್ಲಾದ ಪವರ್ ವೈರ್ ಮೂರೂ ಮನ್ಯಾಗೇ ಕಾಲ ಚಾಚಿ ಮಲಗಿದ್ವು.

ಅದಕ್ಕ ಡಬ್ಬಿ ಎತ್ತೋಕಿಂತ ಮೊದ್ಲ ಅದರ ವೈರ್ ಕಿತ್ತಿ, ಸೀದಾ ಗ್ವಾಡಿ ಸಾಕೆಟ್ಟಿಗಿ ಹಚ್ಚಿ ನೋಡ್ರಿ. ಹಿಂದ ಪವರ್ ಸಪ್ಲೈ ಬಗಲಾಗ ಒಂದು ಸಣ್ಣ ಸ್ವಿಚ್ ಇರ್ತದ, ಅದೂ ನೋಡ್ರಿ. (ಮೊಮ್ಮಗ ಅದನ್ನೇ ಆಡ್ಲಿಕ್ಕ ತಗೊಂಡಿರ್ತಾನ.) ಪ್ಲಗ್ ಕಿತ್ತಿಟ್ಟು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ, ಒಳಗ ಉಳದ ಕರೆಂಟ್ ಖಾಲಿ ಆಗ್ತದ. ಆಮ್ಯಾಲ ಹಚ್ಚಿ ನೋಡ್ರಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂಡ್ತದ.

ಏಳಲಿಲ್ಲೇನು? ಹಂಗಿದ್ರ ಬೆಂಗಳೂರಿನ ಅಳಿಯಗ ಫೋನ್ ಹಚ್ಚತೀರಿ. ಅಂವ ಆಫೀಸಿನ ಮೀಟಿಂಗ್‌ದಾಗಿಂದ ಎದ್ದು ಬಂದು ಕೇಳತಾನ.

'ಮಾಮಾ, ಸ್ಕ್ರೀನ್ ಮ್ಯಾಲ ಏನ್ ಬರದದ?'

'ಏನೋ ಇಂಗ್ಲಿಷ್‌ದಾಗ ಭಾಳ ಬರದಿತ್ತೋ.'

'ಸ್ವಲ್ಪ ಓದ್ರಲ್ಲ.'

'ಎಲ್ಲೀದು? ಎಂಟರ್ ಹೊಡದೆ, ಹೋಯ್ತು.'

ನೋಡ್ರಿ, ಇಲ್ಲೇ ಅದ ನಿಮ್ಮ ರೋಗ. ಮದುವಿ ಪತ್ರಿಕಾ ಬಂದ್ರ ಪ್ರೆಸ್ಸಿನ ಹೆಸರು ತನಕ ಓದ್ತೀರಿ. ಕಂಪ್ಯೂಟರ್ 'ನನಗ ಹಿಂಗ ಆಗ್ಯದ' ಅಂತ ಬರದು ಕೊಟ್ರ ಮಾತ್ರ ಸಿಕ್ಕ ಬಟನ್ ಒತ್ತಿ ಕಳಸತೀರಿ. ಬೂಟ್ ಡಿವೈಸ್ ಸಿಗವಲ್ದು ಅಂತ ಬರದಿತ್ತಂದ್ರ ಹಾರ್ಡ್ ಡಿಸ್ಕ್ ಸತ್ತದ ಅಂತ ಅಳಬ್ಯಾಡ್ರಿ. ಮೊದ್ಲ ಆ ಪೆನ್ ಡ್ರೈವ್ ಕೀಳ್ರಿ! ನಿನ್ನಿ ರಾತ್ರಿ ಪಿಚ್ಚರ್ ನೋಡಿ ಹಂಗೇ ಬಿಟ್ಟೀರಿ, ಕಂಪ್ಯೂಟರ್ ಅದರಾಗ ವಿಂಡೋಸ್ ಹುಡಕ್ಲತ್ತದ.

ಬೀಪ್ ಬೀಪ್ ಅಂತ ಒದರ್ತದೇನು? ಅದೂ ಮಾತೇ. ಕಂಪನಿಗೊಂದು ಭಾಷಾ, ಆದ್ರೂ ಸಾಮಾನ್ಯಕ್ಕ ಒಂದು ಸಣ್ಣ ಬೀಪ್ ಅಂದ್ರ ಎಲ್ಲಾ ಆರಾಮ. ಬಿಟ್ಟೂಬಿಡದಂಗ ಉದ್ದಕ ಒದರಿದ್ರ ಭಾಳ ಸಲ ರ‍್ಯಾಮ್ ಸರಿ ಕೂತಿಲ್ಲ ಅಂತ. ಪ್ಲಗ್ ಕಿತ್ತಿ, ರ‍್ಯಾಮ್ ತೆಗದು, ಅದರ ಬಂಗಾರ ಬಣ್ಣದ ಹಲ್ಲು ಮಕ್ಕಳ ರಬ್ಬರ್‌ಲೆ ತಿಕ್ಕಿ, ಟಕ್ ಅಂತ ಸಪ್ಪಳ ಬರೋತನಕ ಒತ್ತಿ ಕೂಡಸ್ರಿ. ರಿಪೇರಿ ಅಂಗಡ್ಯಾಗ ಮೊದ್ಲ ಮಾಡೋದೂ ಇದನ್ನೇ. (ನಿಮ್ಮನ್ನ ಚಾ ಕುಡೀಲಿಕ್ಕ ಕಳಿಸಿ ಮಾಡ್ತಾರ.)

ಇನ್ನೊಂದು ತಮಾಷಿ ಹೇಳ್ತೀನಿ. ಚಾಲೂ ಮಾಡಿದಾಗೊಮ್ಮೆ 'ಎಫ್1 ಒತ್ರಿ' ಅಂತದ, ತಾರೀಖ ನೋಡಿದ್ರ 2009. ಊರಿನ ಹೆಸರು ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕ. ನಿಮ್ಮ ಕಂಪ್ಯೂಟರಿನ ಲೆಕ್ಕದಾಗ ನೀವಿನ್ನೂ ಗುಲ್ಬರ್ಗಾದಾಗೇ ಅದೀರಿ! ಬ್ಯಾಂಕಿನ ವೆಬ್‌ಸೈಟ್ ತೆಗದ್ರ ಒಳಗ ಬಿಡಂಗಿಲ್ಲ. ಅದರ ಸರ್ಟಿಫಿಕೇಟ್ ಈಗಿಂದು, ನಿಮ್ಮ ತಾರೀಖ ಆಗಿಂದು, ತಾಳಮೇಳ ಎಲ್ಲಿ ಕೂಡಬೇಕು?

ಮದರ್‌ಬೋರ್ಡ್ ಮ್ಯಾಲಿನ ರುಪಾಯಿ ಬಿಲ್ಲಿಯಂಥ ಸೆಲ್ ಖಾಲಿ ಆಗ್ಯದ, ಮತ್ತೇನೂ ಅಲ್ಲ. ಸಿಆರ್2032 ಅಂತ ಕೇಳ್ರಿ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಅದಕ್ಕೇ ಆ ನಂಬರ್. ಮೂರು ವೋಲ್ಟಿಂದು, ಗಡಿಯಾರ ರಿಪೇರಿ ಅಂಗಡ್ಯಾಗೂ ಸಿಗ್ತದ. ಇದಕ್ಕಾಗಿ ಹೊಸಾ ಕಂಪ್ಯೂಟರ್ ರೇಟ್ ಕೇಳಿ ಬಂದವರು ನಮ್ಮ ಊರಾಗ ಅದಾರ. ನೀವಂತೂ ಅಲ್ಲ ಬಿಡ್ರಿ.

ಇಷ್ಟಾದ್ರೂ ಆಗಲಿಲ್ಲಂದ್ರ ಬಗಲಮನಿ ಹುಡುಗ ಬರ್ತಾನ. ಎಫ್8 ಬಟನ್ ಟಕಟಕ ಬಡೀತಾನ (ವಿಂಡೋಸ್ 8 ಬಂದಾಗಿಂದ ಅದು ಹಂಗೆಲ್ಲ ಮಾತ ಕೇಳಂಗಿಲ್ಲ), ಆಮ್ಯಾಲ ತೀರ್ಪು ಕೊಡ್ತಾನ: 'ಅಂಕಲ್, ಫಾರ್ಮ್ಯಾಟ್ ಹೊಡೀಬೇಕು.' ನೀವು 'ಹೊಡಿಯಪ್ಪಾ' ಅಂತೀರಿ. ತಡೀರಿ, ತಡೀರಿ! ಮಗಳ ಮದುವಿ ಫೋಟೋ ಎಲ್ಲವ? 'ನುಡಿ' ಸಾಫ್ಟ್‌ವೇರ್‌ದಾಗ ಟೈಪ್ ಮಾಡಿದ ಸಂಘದ ಠರಾವು ಎಲ್ಲವ? ಎಲ್ಲಾ ಡೆಸ್ಕ್‌ಟಾಪ್ ಮ್ಯಾಲ! ಡೆಸ್ಕ್‌ಟಾಪ್ ಅಂದ್ರ ಸಿ ಡ್ರೈವ್, ಅಂವ ಅಳಸೋದೂ ಸಿ ಡ್ರೈವ್.

ಎರಡು ಮೂರು ಸಲ ಚಾಲೂ ಆಗ್ಲಿಕ್ಕ ಎಡವಿದ್ರ ವಿಂಡೋಸ್ ತಾನೇ ರಿಪೇರಿ ಸ್ಕ್ರೀನ್ ತೋರಸ್ತದ. ಟ್ರಬಲ್‌ಶೂಟ್ ಒಳಗ ಹೋಗಿ, ಸ್ಟಾರ್ಟಪ್ ಸೆಟಿಂಗ್ಸ್ ತೆಗದು, 4 ಒತ್ತಿದ್ರ ಸೇಫ್ ಮೋಡ್. ಅಲ್ಲಿ ಚಾಲೂ ಆತಂದ್ರ ಮೊದ್ಲ ಫೋಟೋ ಕಾಪಿ ಮಾಡಿಕೋರಿ. ಹುಡುಗಗ ಚಾ ಕುಡಿಸಿ ಮನಿಗಿ ಕಳಸ್ರಿ.

ಇನ್ನ ಅಂಗಡಿಗೇ ಒಯ್ಯೋದಾತಂದ್ರ ಸ್ಕ್ರೀನ್ ಮ್ಯಾಲ ಬರದದ್ದರ ಫೋಟೋ ಮೊಬೈಲ್‌ದಾಗ ಇರ್ಲಿ. ಮತ್ತ, 'ಕಡೀಕ ಏನ್ ಮಾಡಿದ್ರಿ ಅಂಕಲ್?' ಅಂತ ಅಂಗಡಿಯಂವ ಕೇಳಿದ್ರ 'ನಾ ಏನೂ ಮಾಡಿಲ್ಲಪ್ಪಾ' ಅನಬ್ಯಾಡ್ರಿ. ಅಪ್‌ಡೇಟ್ ನಡದಾಗ 'ಬಂದ್ ಮಾಡಬ್ಯಾಡ್ರಿ' ಅಂತ ಬರದಿದ್ರೂ ಊಟಕ್ಕ ಕರದ್ರಂತ ಸ್ವಿಚ್ ಆರಿಸಿ ಎದ್ದೀರಲ್ಲ? ಇವೆಂಟ್ ವ್ಯೂವರ್ ಅಂತ ಒಂದು ಖಾತಾಪುಸ್ತಕ ವಿಂಡೋಸ್ ಒಳಗ ಅದ. ಸರಿಯಾಗಿ ಶಟ್‌ಡೌನ್ ಮಾಡದ ಸ್ವಿಚ್ ಆರಿಸಿದ್ದೆಲ್ಲ 41ನೇ ನಂಬರಿನ ಕೆಳಗ, ತಾರೀಖ-ಟೈಮ್ ಸಮೇತ, ಅದರಾಗ ಜಮಾ ಆಗಿರ್ತದ.