ಶುಗರ್ ಇದ್ದು, ಆದರೆ ಕಮ್ಮಿ

ನಮ್ಮ ಯಲ್ಲಾಪುರದ ಕಡೆ ಶುಗರ್ ಎಂಬುದು ಒಂದು ಅಂತಸ್ತು. ಐವತ್ತು ದಾಟಿ, ಮಗಳ ಮದುವೆ ಮುಗಿಸಿ, ತೋಟಕ್ಕೆ ಹೊಸಮಣ್ಣು ಹಾಕಿಸಿದ ಮೇಲೆ ಬರಬೇಕಾದದ್ದು. ಬಂದವರು ಸೊಸೈಟಿ ಕಟ್ಟೆಯ ಮೇಲೆ ಕೂತು, ಅಡಿಕೆ ಧಾರಣೆ ಹೇಳುವ ಗತ್ತಿನಲ್ಲೇ "ನಂದು ಇನ್ನೂರಾ ಹತ್ತು", "ನಂದು ಇನ್ನೂರಾ ನಲವತ್ತು" ಎನ್ನುತ್ತಾರೆ. ಅಂಥ ಕಟ್ಟೆಯಲ್ಲಿ ಇಪ್ಪತ್ತೇಳರ ನಾನು "ನಂದು ಐವತ್ತೆರಡು" ಅಂದರೆ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? "ಅದು ತೂಕ ಆತು ಮಾರಾಯ, ಶುಗರ್ ಹೇಳು" ಎಂದರು ಹಿರಿಯರೊಬ್ಬರು.

ತೂಕವೂ ಹೆಚ್ಚುಕಡಿಮೆ ಅಷ್ಟೇ ಇತ್ತು ಅನ್ನುವುದು ಬೇರೆ ಮಾತು.

ಬರುವುದು ಬೆಳಗಿನ ಹತ್ತೂವರೆ ಹನ್ನೊಂದರ ಸುಮಾರಿಗೆ. ಮೊದಲು ಬೆರಳು ನಡುಗುತ್ತದೆ. ಆಮೇಲೆ ತಣ್ಣನೆಯ ಬೆವರು, ಎದೆ ಡವಡವ, ಹೊಟ್ಟೆಯಲ್ಲಿ ಬಕಾಸುರ. ಕೊನೆಗೆ ಕಾರಣವಿಲ್ಲದ ಸಿಟ್ಟು. ಒಮ್ಮೆ ಕೊಟ್ಟಿಗೆಯ ಎಮ್ಮೆಯೊಂದಿಗೆ ನಾನು ಜೋರು ಜಗಳವಾಡುತ್ತಿದ್ದೆನಂತೆ. ಎಮ್ಮೆ ಮಾತ್ರ ಘನತೆ ಬಿಟ್ಟುಕೊಡಲಿಲ್ಲ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ಶುರುವಾದದ್ದು ಅಡಿಕೆ ಕೊಯ್ಲಿನ ದಿನಗಳಲ್ಲಾದ್ದರಿಂದ ಮೊದಲ ರೋಗನಿರ್ಣಯ ಮನೆಯಲ್ಲೇ ಆಯಿತು: ಮಾಣಿಗೆ ಅಡಿಕೆ ಸೊಕ್ಕಿದೆ. ತೀರಾ ತಪ್ಪೇನೂ ಅಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಮೈ ಬೆವರಿಸುತ್ತದೆ, ತಲೆ ತಿರುಗಿಸುತ್ತದೆ, ಎದೆ ಹೊಡೆದುಕೊಳ್ಳುವಂತೆ ಮಾಡುತ್ತದೆ. ಆದರೆ ನಾನು ಕವಳ ಹಾಕುವವನಲ್ಲ. ಹಾಗೆಂದಾಗ, "ಅದೇ ರೋಗ" ಎಂದು ಅಜ್ಜ ಕಡತ ಮುಚ್ಚಿದ.

ರಾತ್ರಿ ಅಡಿಕೆ ಸುಲಿಯಲು ಕೂತ ಅಂಗಳದಲ್ಲಿ ಅದು ಮತ್ತೆ ತೆರೆಯಿತು. ಹತ್ತಾರು ಮೆಟ್ಟುಗತ್ತಿಗಳ ಮುಂದೆ ಕೂತವರಿಗೆ ಕೈಗೆ ಕೆಲಸವಿರುತ್ತದೆ, ಬಾಯಿಗಿರುವುದಿಲ್ಲ. ಪಿತ್ತ ಎಂದರು, ದೃಷ್ಟಿ ಎಂದರು, ಮೊಬೈಲು ಎಂದರು. ಇಪ್ಪತ್ತೇಳಾದರೂ ಮದುವೆಯಾಗದಿದ್ದರೆ ಮೈ ಹೀಗೆ ಮುಷ್ಕರ ಹೂಡುತ್ತದೆ ಎಂದು ಅತ್ತೆ ಸೂಚ್ಯವಾಗಿ ಹೇಳಿದಳು. ಸೂಚ್ಯವೆಂದರೆ ಪಕ್ಕದ ಮನೆಗೆ ಕೇಳುವಷ್ಟು. ಕೆಲಸಕ್ಕೆ ಬರುವ ಮಾತಾಡಿದವನು ಕೊನೆಗೌಡ ಒಬ್ಬನೇ. ದಿನವಿಡೀ ಮರದಿಂದ ಮರಕ್ಕೆ ಜಿಗಿದು ಕೊನೆ ಇಳಿಸುವ ಆತ ನನ್ನ ಕೈಯನ್ನೇ ನೋಡುತ್ತಿದ್ದು, "ಹೆಗಡೇರೆ, ಇವರನ್ನ ಮರ ಹತ್ತಸಬ್ಯಾಡಿ. ಕತ್ತೀನೂ ಕೊಡಬ್ಯಾಡಿ" ಎಂದ. ಮುಂದೆ ಹುಬ್ಬಳ್ಳಿಯ ಡಾಕ್ಟರು ಫೀಸು ತಗೊಂಡು ಹೇಳಿದ್ದೂ ಇದನ್ನೇ. ಮರದ ಬದಲು ಬೈಕು ಅಂದರು, ಅಷ್ಟೆ.

ಕಿರವತ್ತಿ, ಕಲಘಟಗಿ ದಾಟಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ನನ್ನ ಲಕ್ಷಣಗಳೆಲ್ಲ ಮಾಯವಾಗಿದ್ದವು. ಡಾಕ್ಟರು ಬೇಸರಪಟ್ಟುಕೊಳ್ಳಲಿಲ್ಲ. ಆಲನ್ ವಿಪ್ಪಲ್ ಎಂಬ ಅಮೆರಿಕದ ಶಸ್ತ್ರವೈದ್ಯ 1930ರ ದಶಕದಲ್ಲೇ ಮೂರು ಷರತ್ತು ಹಾಕಿಟ್ಟಿದ್ದಾನೆ ಎಂದರು. ಲಕ್ಷಣ ಕಾಣಬೇಕು, ಅದೇ ಹೊತ್ತಿಗೆ ರಕ್ತದ ಸಕ್ಕರೆ ನಿಜಕ್ಕೂ ಇಳಿದಿರಬೇಕು, ಸಕ್ಕರೆ ಕೊಟ್ಟೊಡನೆ ಮನುಷ್ಯ ಸರಿಯಾಗಬೇಕು. ಮೂರರಲ್ಲಿ ಒಂದು ತಪ್ಪಿದರೂ ಬೇರೇನೋ ಹುಡುಕಬೇಕು. ಮಧುಮೇಹ ಇಲ್ಲದವರಲ್ಲಿ 55ಕ್ಕಿಂತ ಕೆಳಗಿಳಿದರೆ ಮಾತ್ರ ಗಂಭೀರವಾಗಿ ನೋಡುವುದಂತೆ. ಊಟ ಹಾಕಿಸಿ, ಅರ್ಧ ತಾಸಿಗೊಮ್ಮೆ ರಕ್ತ ತೆಗೆದರು. ಮೂರನೆಯ ತಾಸಿಗೆ ಬೆವರು, ನಡುಕ, 52. ಅಷ್ಟು ಹೊತ್ತು ನನ್ನ ಮೇಲೆ ಅನುಮಾನವಿಟ್ಟುಕೊಂಡಿದ್ದ ಅಪ್ಪ, ಮಗನಿಗೆ ರ‍್ಯಾಂಕ್ ಬಂದವನಂತೆ ಎದ್ದು ನಿಂತ.

ಮುಂದಿನದು ಕಾರಣದ ಹುಡುಕಾಟ. ಲಿವರು, ಕಿಡ್ನಿ, ಥೈರಾಯ್ಡು, ಕಾರ್ಟಿಸೋಲ್ ಎಲ್ಲ ಸರಿ. ಮೇದೋಜೀರಕದಲ್ಲಿ ಇನ್ಸುಲಿನೋಮ ಎಂಬ ಗಡ್ಡೆ ಇರಬಹುದೇ? ಅದು ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯ ಮಂದಿಗೆ ಬರುವಂಥದ್ದು, ಸಾಮಾನ್ಯವಾಗಿ ಉಪವಾಸದಲ್ಲಿ ಕಾಡುವಂಥದ್ದು. ಬೇಕೆಂದರೆ ಆಸ್ಪತ್ರೆಯಲ್ಲಿಟ್ಟು 72 ತಾಸು ಉಪವಾಸ ಕೆಡವಿ ನೋಡಬಹುದು ಎಂದರು. ಮನೆಗೆ ಬಂದು ಹೇಳಿದರೆ ಅಜ್ಜಿಗೆ ನಗು. "ಮೂರು ಏಕಾದಶಿ ಆತು. ಅದಕ್ಕೆ ದುಡ್ಡು ಬೇರೆ ತಗತ್ವ?" ಎಂಬತ್ತು ದಾಟಿದ ಆಕೆ ಏಕಾದಶಿಗೆ ಹನಿ ನೀರು ಮುಟ್ಟದೆ, ದರೆಯ ಮೇಲಿಂದ ಸೊಪ್ಪು ತರುತ್ತಾಳೆ. ಸಕ್ಕರೆ ಇಳಿದಾಗ ಕೊಡಲೆಂದು ಲಿವರ್ ನೂರು ಗ್ರಾಮಿನಷ್ಟು ದಾಸ್ತಾನು ಇಟ್ಟಿರುತ್ತದೆ. ಅದು ಮುಗಿಯುತ್ತ ಬಂದರೆ ಹೊಸದನ್ನು ತಯಾರಿಸಿಯೂ ಕೊಡುತ್ತದೆ. ಅಜ್ಜಿಯ ಲಿವರ್ ಅಜ್ಜಿಯಂತೆಯೇ ಜೋಪಾನಸ್ಥ. ಉಪವಾಸ ಹಾಕಿ ನೋಡಿದರೆ ನಾನೂ ಗಟ್ಟಿಮುಟ್ಟು! ನನ್ನ ಮೈ ತಪ್ಪುವುದು ಹಸಿದಾಗಲ್ಲ, ಉಂಡ ಮೇಲೆ. ಚೀಟಿಯ ಮೇಲೆ ಡಾಕ್ಟರು "ಕಾರಣ ತಿಳಿದುಬಂದಿಲ್ಲ" ಎಂದೇ ಬರೆದರು. ನಮ್ಮೂರಿನವರಿಗೆ ಕಾರಣವಿಲ್ಲದ ಕಾಯಿಲೆ ಎಂದರೆ ಅರ್ಧ ಬರೆದಿಟ್ಟ ಜಾತಕ. ಎಲ್ಲರೂ ಪೂರ್ತಿ ಮಾಡಲು ಕೂತರು.

ಕಾರಣ ತಿಳಿಯದಿದ್ದರೂ ದಾರಿ ತಿಳಿದಿತ್ತು. ದೊಡ್ಡ ಮನುಷ್ಯನೊಬ್ಬನ ಮೈಯ ರಕ್ತವನ್ನೆಲ್ಲ ಸೇರಿಸಿದರೂ ಅದರಲ್ಲಿ ಓಡಾಡುವ ಸಕ್ಕರೆ ಐದು ಗ್ರಾಮಿನ ಆಸುಪಾಸು, ಒಂದು ಚಮಚೆ. ಇನ್ನು ನಮ್ಮ ಮನೆಯ ಬೆಳಗನ್ನು ನೋಡಿ: ಎದ್ದೊಡನೆ ಬೆಲ್ಲ ಹಾಕಿದ ಕಷಾಯ, ಎಂಟು ಗಂಟೆಗೆ ತೆಳ್ಳೇವು, ಅದರ ಮೇಲೆ ತೇಲುವಷ್ಟು ಜೋನಿಬೆಲ್ಲ. ಈ ಪ್ರವಾಹ ಕಂಡು ಗಾಬರಿಯಾದ ಮೇದೋಜೀರಕ ಇನ್ಸುಲಿನ್ನನ್ನು ಕೈಬಿಚ್ಚಿ ಸುರಿಯುತ್ತದೆ. ಎರಡು ತಾಸಿಗೆ ಬೆಲ್ಲ ಮುಗಿದಿರುತ್ತದೆ, ಇನ್ಸುಲಿನ್ ಮುಗಿದಿರುವುದಿಲ್ಲ. 1922ರಲ್ಲಿ ಇನ್ಸುಲಿನ್ ಚುಚ್ಚುಮದ್ದು ಬಂದಾಗ ಪ್ರಮಾಣ ಹೆಚ್ಚಾದ ರೋಗಿಗಳು ನಡುಗಿ ಬೆವರುತ್ತಿದ್ದರು. ಚುಚ್ಚಿಸಿಕೊಳ್ಳದ ಕೆಲವರಲ್ಲೂ ಅದೇ ಲಕ್ಷಣ ಕಂಡು, 1924ರಲ್ಲಿ ಅಲಬಾಮದ ಡಾಕ್ಟರು ಸೀಲ್ ಹ್ಯಾರಿಸ್ ಅದನ್ನು ಬರೆದಿಟ್ಟರು. ಅವರು ಯಲ್ಲಾಪುರಕ್ಕೆ ಬಂದಿದ್ದರೆ ಒಂದು ಬೆಳಗಿನ ಆಸರಿಗೆಯಲ್ಲೇ ಕೆಲಸ ಮುಗಿಯುತ್ತಿತ್ತು.

ತಮಾಷೆಯೆಂದರೆ, ರೋಗ ಯಾವ ಲೋಟದಲ್ಲಿದೆಯೋ ಮದ್ದೂ ಅದೇ ಲೋಟದಲ್ಲಿ. ನಡುಕ ಬಂದಾಗ ಹದಿನೈದು ಗ್ರಾಂ, ಅಂದರೆ ಮೂರು ಚಮಚೆ ಸಕ್ಕರೆ ತಿಂದು ಹದಿನೈದು ನಿಮಿಷ ಕಾಯಬೇಕು. ತಿನ್ನುವುದು ಸುಲಭ. ಕಾಯುವುದಕ್ಕೆ ಕೂಡುಕುಟುಂಬ ಬಿಡಬೇಕಲ್ಲ? ಅಮ್ಮ ಬೆಲ್ಲದ ನೀರು ಕೊಟ್ಟಳು. ಅದು ಗೊತ್ತಿಲ್ಲದ ಅತ್ತೆ ಬಾಳೆಹಣ್ಣು ಬಿಡಿಸಿದಳು. ಎರಡೂ ಗೊತ್ತಿದ್ದ ಅಜ್ಜಿ ತೊಡದೇವು ತಂದಳು. ಹನ್ನೊಂದರ ನಡುಕ ನಿಂತು, ಒಂದೂವರೆಗೆ ಅದರ ತಮ್ಮ ಬಂದ.

ಈಗ ಬೆಳಗಿನ ತೆಳ್ಳೇವಿಗೆ ಕಾಯಿಚಟ್ನಿ, ಹತ್ತಕ್ಕೆ ಒಂದು ಮುಷ್ಟಿ ಶೇಂಗಾ, ಊಟ ಸ್ವಲ್ಪಸ್ವಲ್ಪ. ಹೊಟ್ಟೆಗೆ ಇದು ಒಗ್ಗಿದೆ, ನೆಂಟರಿಗೆ ಒಗ್ಗಿಲ್ಲ. ನಮ್ಮಲ್ಲಿ ಹೊಸ್ತಿಲು ದಾಟಿದವನು ಆಸರಿಗೆ ಬೇಡ ಎಂದರೆ ಹಳೆಯ ಗಡಿತಂಟೆ ನೆನಪಿಟ್ಟುಕೊಂಡಿದ್ದಾನೆ ಎಂದೇ ಅರ್ಥ. ನಾನು ಮಜ್ಜಿಗೆ ಕೇಳಿ ಬಚಾವಾಗುತ್ತೇನೆ. ಅದಕ್ಕೂ ಬೆಲ್ಲ ಹಾಕಿ ಕೊಟ್ಟ ಮನೆ ಒಂದಿದೆ. ಹೆಸರು ಹೇಳುವುದಿಲ್ಲ, ಮುಂದೆ ಸಂಬಂಧ ಬೆಳೆದರೂ ಬೆಳೆಯಬಹುದು.

ಆಲೆಮನೆ ನನ್ನ ಪಾಲಿಗೆ ಅಗ್ನಿಪರೀಕ್ಷೆ. ಎಲ್ಲರೂ ಕಬ್ಬಿನ ಹಾಲು ಚೊಂಬುಗಟ್ಟಲೆ ಏರಿಸುವಾಗ ನಾನು ಮಂಡಕ್ಕಿ ಮೆಣಸು ಹಿಡಿದು ಕೂತಿರಬೇಕು. ಹೋದ ಬಾರಿ ಅಲ್ಲಿಗೆ ನನ್ನ ಗ್ಲೂಕೋಮೀಟರ್ ಒಯ್ದಿದ್ದೆ. ಬಿಸಿ ಜೋನಿಬೆಲ್ಲದ ರುಚಿ ನೋಡುತ್ತಿದ್ದ ಮಾವನೊಬ್ಬ, "ನಂದೂ ನೋಡು" ಎಂದು ಬೆರಳು ಚಾಚಿದ. 412. ಸೊಸೈಟಿ ಕಟ್ಟೆಯ ದಾಖಲೆಯೇ ಮುರಿದಂತಾಯಿತು. ಮಾವ ಅಲ್ಲೇ ಕೊಪ್ಪರಿಗೆಯ ಪಕ್ಕ ಕುಸಿದು, ತೋಟದ ಪಾಲಿನ ಮಾತು ಶುರು ಮಾಡಿದ. ಬೆರಳು ತೊಳೆಸಿ ಮತ್ತೆ ನೋಡಿದರೆ 128. ಉಳಿದದ್ದು ಬೆರಳಿನ ಬೆಲ್ಲ. ಮಾವನ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು ಕಂಡಿತು. ಪಾಲಿನ ಮಾತನ್ನು ಮಾತ್ರ ಅವನ ಮಕ್ಕಳು ಮರೆತಿಲ್ಲ.

ಇಷ್ಟರಲ್ಲಿ ನನ್ನ ಸುದ್ದಿ ಮಂಚಿಕೇರಿ ಮುಟ್ಟಿತ್ತು. ಹೊರಟಾಗ "ಶುಗರ್ ಲೋ ಆಗ್ತಡ" ಎಂದಿದ್ದದ್ದು ದಾರಿಯಲ್ಲಿ ಭಾರವಾದದ್ದನ್ನು ಬಿಸಾಡುತ್ತ, "ಮಾಣಿಗೆ ಶುಗರ್ ಇದ್ದಡ" ಆಗಿ ತಲುಪಿತು. ತೋಟ ಮಾಡುವ ಗಂಡಿಗೆ ಹೆಣ್ಣು ಸಿಗುವುದೇ ದುಸ್ತರವಾದ ಈ ಸೀಮೆಯಲ್ಲಿ ಮನೆಯವರು ಕಂಗಾಲು. ಅಪ್ಪ ಸಂಬಂಧ ಕುದುರಿಸುವ ಭಟ್ಟರನ್ನು ಕರೆಸಿ, ರಿಪೋರ್ಟು ಹರಡಿ, ವಿಪ್ಪಲ್ಲನ ಮೂರೂ ಷರತ್ತು ವಿವರಿಸಿದ. ಭಟ್ಟರು ಕವಳ ಹಾಕುತ್ತ ಪೂರ್ತಿ ಕೇಳಿ, ಹೆಣ್ಣಿನ ಮನೆಗೆ ಹೋಗಿ ಹೇಳಿದ್ದು ಇಷ್ಟೇ: "ಶುಗರ್ ಇದ್ದು, ಆದ್ರೆ ಕಮ್ಮಿ ಇದ್ದು."

ಇದರಲ್ಲಿ ಸುಳ್ಳು ಹುಡುಕಲು ಅಪ್ಪನಿಗೆ ಆಗಲಿಲ್ಲ. ಹೆಣ್ಣಿನ ಕಡೆಯವರೂ ಶುಗರಿನ ಸುದ್ದಿಗೆ ಹೋಗಲಿಲ್ಲ. ಅವರದು ಒಂದೇ ಪ್ರಶ್ನೆ: "ಮಾಣಿ ಬೆಂಗ್ಳೂರಿಗೆ ಹೋಗ್ತ್ನಾ?"