ತೊಂಬತ್ತು ದಿನಗಳ ಪೈಲಟ್

ಅಮೆರಿಕದ ಕಾನೂನಿನ ಪ್ರಕಾರ ಪ್ರೈವೇಟ್ ಪೈಲಟ್ ಎಂದರೆ ಹಾರಾಟದಿಂದ ಸಂಬಳ ಗಳಿಸುವ ಹಕ್ಕಿಲ್ಲದ, ಆದರೆ ಹಾರಾಟಕ್ಕಾಗಿ ತನ್ನ ಸಂಬಳವನ್ನೆಲ್ಲ ಸುರಿಯಲು ಯಾವ ಅಡ್ಡಿಯೂ ಇಲ್ಲದ ವ್ಯಕ್ತಿ. ಕನಿಷ್ಠ 40 ಗಂಟೆಗಳ ಹಾರಾಟವನ್ನೂ, ಲಿಖಿತ ಪರೀಕ್ಷೆಯನ್ನೂ, ಪರೀಕ್ಷಕನ ಪಕ್ಕದಲ್ಲಿ ಕುಳಿತು ಬೆವರುವ ಇನ್ನೊಂದು ಪರೀಕ್ಷೆಯನ್ನೂ ದಾಟಿ ಪರವಾನಗಿ ಕೈಸೇರುವವರೆಗೆ ಅವನ ಉತ್ಸಾಹಕ್ಕೆ ಕೊರತೆಯಿರುವುದಿಲ್ಲ; ಇನ್ನು ಹಾರಿ ಹೋಗಬೇಕಾದದ್ದು ಎಲ್ಲಿಗೆ ಎಂಬ ಪ್ರಶ್ನೆ ಹುಟ್ಟುವುದು ಆಮೇಲೆ.

ಈ ಪ್ರಶ್ನೆಗೆ ಅಲ್ಲಿನ ಪೈಲಟ್ ಸಮುದಾಯ ಕಂಡುಕೊಂಡಿರುವ ಉತ್ತರಕ್ಕೆ ‘ನೂರು ಡಾಲರ್ ಹ್ಯಾಂಬರ್ಗರ್’ ಎಂದು ಹೆಸರು. 1955ರಲ್ಲಿ ಮೊದಲು ಹಾರಿ, ಇದುವರೆಗೆ 44,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಗಿರುವ ನಾಲ್ಕು ಆಸನಗಳ ಸೆಸ್ನಾ 172 ವಿಮಾನವನ್ನೇರಿ, ಗಂಟೆಗೆ 30 ಲೀಟರಿಗೂ ಮಿಕ್ಕಿ ಪೆಟ್ರೋಲು ಸುಟ್ಟು, ಐವತ್ತು ಮೈಲಿ ಆಚೆಯ ಸಣ್ಣ ನಿಲ್ದಾಣವೊಂದರ ಹೋಟೆಲಿನಲ್ಲಿ ಬನ್ನು ತಿಂದು ಮರಳುವುದೇ ಈ ಯಾತ್ರೆಯ ಸ್ವರೂಪ. ಇಂಧನದ ಬೆಲೆಯೇರಿ ಖರ್ಚು ನೂರನ್ನು ಎಂದೋ ದಾಟಿದ್ದರೂ ಹೆಸರು ಬದಲಾಗಿಲ್ಲ. ಮನೆಯವರ ಮುಂದೆ ಹೇಳುವ ಬೆಲೆ ಹಳೆಯದಾಗಿರುವುದೇ ಎಲ್ಲ ದೇಶಗಳಲ್ಲೂ ಕ್ಷೇಮ.

ಕಾನೂನು ಈ ಹವ್ಯಾಸಿಗೆ ಒಂದು ಗಡುವನ್ನೂ ವಿಧಿಸಿದೆ. ಹಿಂದಿನ 90 ದಿನಗಳಲ್ಲಿ ಮೂರು ಬಾರಿ ಮೇಲೇರಿ ಮೂರು ಬಾರಿ ಇಳಿದಿರದ ಪೈಲಟ್ ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. ಒಬ್ಬನೇ ಹಾರಿ ಆ ಮೂರನ್ನು ಪೂರೈಸಿಕೊಳ್ಳಬಹುದು, ಅಂದರೆ ಮರೆತ ವಿದ್ಯೆಯ ಪ್ರಯೋಗ ಮೊದಲು ಸ್ವಂತ ಮೈಮೇಲೆಯೇ ಆಗಲಿ ಎಂಬುದು ಶಾಸನದ ಆಶಯವಿರಬೇಕು. ತೊಂಬತ್ತು ದಿನವೆಂದರೆ ಹೆಚ್ಚುಕಡಿಮೆ ಅಲ್ಲಿನ ಒಂದು ಋತು. ಹೀಗಾಗಿ ಒಂದೇ ಒಂದು ಋತುವನ್ನು ನೆಪಗಳಲ್ಲಿ ಕಳೆದವನು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಅರ್ಹತೆಯನ್ನೇ ಕಳೆದುಕೊಂಡಿರುತ್ತಾನೆ. ಕೆಲವು ಹೆಂಡತಿಯರು ಈ ನಿಯಮವನ್ನು ಗೌರವಿಸುತ್ತಾರೆಂದು ಊಹಿಸಬಹುದು.

ನೆಪಗಳಿಗಂತೂ ಬರವಿಲ್ಲ. ಬೇಸಿಗೆಯಲ್ಲಿ ಗಾಳಿ ಕಾದು ತೆಳುವಾಗುವುದರಿಂದ, ಗಾಳಿಯನ್ನೇ ನಂಬಿ ಬದುಕುವ ಎಂಜಿನ್, ಪ್ರೊಪೆಲ್ಲರ್ ಮತ್ತು ರೆಕ್ಕೆಗಳು ಮೂರೂ ಒಟ್ಟಿಗೆ ಸೋಮಾರಿಗಳಾಗುತ್ತವೆ. ನೆಲದ ಮೇಲಿದ್ದರೂ ವಿಮಾನವು ಸಾವಿರಾರು ಅಡಿ ಮೇಲಿರುವಂತೆ ಏದುಸಿರು ಬಿಡುವ ಈ ಸ್ಥಿತಿಯನ್ನು ಸಾಂದ್ರತಾ ಎತ್ತರ ಎಂಬ ಅಳತೆಯಿಂದ ಲೆಕ್ಕಹಾಕುತ್ತಾರೆ. ಮೊದಲೇ 9,934 ಅಡಿ ಎತ್ತರದಲ್ಲಿರುವ ಕೊಲರಾಡೊದ ಲೆಡ್‌ವಿಲ್ ನಿಲ್ದಾಣದಲ್ಲಿ ಬೇಸಿಗೆಯ ಮಧ್ಯಾಹ್ನ ಈ ಲೆಕ್ಕ ಹಾಕುವವನು ಸಾಮಾನ್ಯವಾಗಿ ಊಟ ಮಾಡಿ ಮಲಗುವ ನಿರ್ಧಾರಕ್ಕೆ ಬರುತ್ತಾನೆ. ಜುಲೈ ಕೊನೆಯಲ್ಲಿ ವಿಸ್ಕಾನ್ಸಿನ್‌ನ ಓಶ್‌ಕೋಶ್‌ನಲ್ಲಿ ನಡೆಯುವ ವಿಮಾನಗಳ ಜಾತ್ರೆಗೆ ಮಾತ್ರ ಸೆಕೆ ಅಡ್ಡಿಯಾಗುವುದಿಲ್ಲ. ಸಾವಿರಾರು ವಿಮಾನಗಳು ಬಂದಿಳಿದು, ರೆಕ್ಕೆಯ ಬುಡದಲ್ಲೇ ಡೇರೆ ಹೂಡುವ ಜನ ವಾರವಿಡೀ ಪರರ ವಿಮಾನಗಳನ್ನು ನೋಡುತ್ತ, ಹಾರುವುದನ್ನು ಸಂಪೂರ್ಣವಾಗಿ ಮರೆತಿರುತ್ತಾರೆ.

ಶರತ್ಕಾಲದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮರಗಳು ಕೆಂಪಾಗಿ, ಆಕಾಶ ತಿಳಿಯಾಗಿ, ನೆಪಕ್ಕೆ ಎಡೆಯೇ ಇಲ್ಲದಿರುವುದರಿಂದ ಪೈಲಟ್ ಅನಿವಾರ್ಯವಾಗಿ ಹಾರುತ್ತಾನೆ.

ನಿಜವಾದ ಪರೀಕ್ಷೆ ಚಳಿಗಾಲದ್ದು. ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ವಿಮಾನವು ವರ್ಷದಲ್ಲೇ ಅತ್ಯಂತ ಚುರುಕಾಗಿ ಮೇಲೇರಬಲ್ಲ ಕಾಲವಿದು. ಮನುಷ್ಯನು ಹಾಸಿಗೆಯಿಂದಲೇ ಮೇಲೇಳಲಾರದ ಕಾಲವೂ ಇದೇ ಆಗಿರುವುದರಿಂದ, ಇವರಿಬ್ಬರ ಸಾಲಾವಳಿ ಕೂಡಿಬರುವುದಿಲ್ಲವೆನ್ನಬೇಕು. ಮಿನೆಸೋಟದಂಥ ರಾಜ್ಯಗಳಲ್ಲಿ ಎಂಜಿನ್‌ನೊಳಗಿನ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗುವುದರಿಂದ, ಎಂಜಿನ್‌ಗೆ ಕೌದಿಯಂಥ ದಪ್ಪ ಹೊದಿಕೆ ಹೊದಿಸಿ, ವಿದ್ಯುತ್ ಹೀಟರಿನಿಂದ ಗಂಟೆಗಟ್ಟಲೆ ಕಾಯಿಸಿ ಎಬ್ಬಿಸಬೇಕು. ಅಷ್ಟೂ ಹೊತ್ತು ಹೊದಿಸಿದವನು ಹೊದಿಕೆಯಿಲ್ಲದೆ ನಡುಗುತ್ತ ನಿಂತಿರುತ್ತಾನೆ. ಬಯಲಿನಲ್ಲಿ ನಿಲ್ಲಿಸಿದ ವಿಮಾನವಾದರೆ ರೆಕ್ಕೆಯ ಮೇಲಿನ ಹೆಪ್ಪುಮಂಜನ್ನೂ ತೆಗೆಯಬೇಕು. ಒರಟು ಮರಳು ಕಾಗದದಷ್ಟು ತೆಳುವಾದ ಪದರವೂ ರೆಕ್ಕೆಯ ಎತ್ತುವ ಶಕ್ತಿಯನ್ನು ಶೇ. 30ರಷ್ಟು ತಗ್ಗಿಸಬಲ್ಲದಾದ್ದರಿಂದ, ಇದರಲ್ಲಿ ಉದಾಸೀನ ಸಲ್ಲದು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಸೂರ್ಯನೇ ಮುಳುಗುವುದುಂಟು. ಆಗ ಪೈಲಟ್‌ಗಳು ವಿಮಾನದ ಕೊಟ್ಟಿಗೆಯಾದ ಹ್ಯಾಂಗರಿನೊಳಗೆ ಕಾಫಿ ಹಿಡಿದು ಕುಳಿತು, ಹಾರಿದ್ದಕ್ಕಿಂತ ಎತ್ತರದ ಹಾರಾಟಗಳನ್ನು ವರ್ಣಿಸುತ್ತಾರೆ. ಇದಕ್ಕೆ ‘ಹ್ಯಾಂಗರ್ ಫ್ಲೈಯಿಂಗ್’ ಎನ್ನುತ್ತಾರೆ, ನಮ್ಮಲ್ಲಿ ಇದನ್ನೇ ಕಟ್ಟೆಪುರಾಣವೆನ್ನುವುದು ವಾಡಿಕೆ.

ಇಂಥವರನ್ನೂ ಹೊರಗೆಳೆಯಬಲ್ಲ ತಾಣವೊಂದು ನ್ಯೂ ಹ್ಯಾಂಪ್‌ಶೈರ್‌ನ ಆಲ್ಟನ್ ಬೇ. ಅಲ್ಲಿ ವಿನಿಪೆಸಾಕಿ ಸರೋವರವು ಸುಮಾರು 12 ಅಂಗುಲ ದಪ್ಪ ಹೆಪ್ಪುಗಟ್ಟಿದರೆ ಅದರ ಮೇಲೆಯೇ ರನ್‌ವೇ ಸಿದ್ಧವಾಗಿ, ನೀರಿನ ಮೇಲೆ ಚಕ್ರಗಳಿಂದ ಇಳಿದ ಹೆಮ್ಮೆಗಾಗಿ ದೂರದೂರದಿಂದ ಪೈಲಟ್‌ಗಳು ಬರುತ್ತಾರೆ. ಕೆಲವು ವರ್ಷ ಚಳಿಗಾಲಕ್ಕೇ ಉತ್ಸಾಹ ಸಾಲದೆ ರನ್‌ವೇ ತೆರೆಯುವುದಿಲ್ಲ.

ವಸಂತದಲ್ಲಿ ಅಡ್ಡಗಾಳಿ, ಅಂದರೆ ರನ್‌ವೇಗೆ ಓರೆಯಾಗಿ ಬೀಸುವ ಗಾಳಿ. ಕುಣಿಯಲಾರದವಳು ನೆಲ ಡೊಂಕೆಂದರೆ ಪೈಲಟ್ ಗಾಳಿ ಡೊಂಕೆನ್ನುತ್ತಾನೆ, ಮತ್ತು ಅವನ ಮಾತು ಎಷ್ಟೋ ಸಲ ನಿಜವೂ ಆಗಿರುತ್ತದೆ. ಗಾಳಿ ನಿಂತ ದಿನ ಅವನು ಹ್ಯಾಂಗರಿಗೆ ಬಂದು, ನಿಯಮದಂತೆ ಟಾರ್ಚ್ ಹಿಡಿದು ಎಂಜಿನ್ ಮುಚ್ಚಳದೊಳಗೆ ಇಣುಕಿದರೆ, ಅಲ್ಲಿ ಸ್ಟಾರ್ಲಿಂಗ್ ಎಂಬ ಗೊರವಂಕದ ಬಳಗದ ಹಕ್ಕಿ ಹುಲ್ಲುಕಡ್ಡಿ ತಂದು ಗೂಡು ಕಟ್ಟಿರುತ್ತದೆ. ಬಿಟ್ಟರೆ ಬೆಂಕಿ ಹತ್ತುವ ಭಯವಾದ್ದರಿಂದ ಅವನು ಕಡ್ಡಿಕಡ್ಡಿಯನ್ನೂ ಕಿತ್ತು ತೆಗೆದು, ಕೈ ತೊಳೆದು, ಹವಾಮಾನ ವರದಿ ನೋಡಿ ಬರುವಷ್ಟರಲ್ಲಿ ಹಕ್ಕಿ ಆಗಲೇ ಹತ್ತಿಪ್ಪತ್ತು ಸಲ ಹಾರಿ, ಹತ್ತಿಪ್ಪತ್ತು ಸಲ ಇಳಿದು, ಗೂಡಿನ ತಳ ಮುಗಿಸಿರುತ್ತದೆ.