ಬೆವರಿಲ್ಲದ ಸುಸ್ತು

ಕಂಪ್ಯೂಟರ್ ಮುಂದೆ ಕೂತು ದುಡಿಯುವವನಿಗೆ ಸುಸ್ತಾದರೆ ಅದನ್ನು ಯಾರಿಗೂ ತೋರಿಸುವ ಹಾಗಿಲ್ಲ. ಗದ್ದೆಯಿಂದ ಬಂದವನ ಮೊಣಕಾಲವರೆಗೆ ಕೆಸರಿರುತ್ತದೆ, ಗಾರೆ ಕೆಲಸದವನ ಹುಬ್ಬಿನ ಮೇಲೆ ಸಿಮೆಂಟು ಕೂತಿರುತ್ತದೆ. ನಮ್ಮ ಕೊರಳಲ್ಲಿ ಇರುವುದು ಐಡಿ ಕಾರ್ಡು, ಮೈಮೇಲೆ ಇಸ್ತ್ರಿಯ ಗೆರೆ ಕೂಡ ಕೆಡದ ಅಂಗಿ. ಎಸಿಯಲ್ಲಿ ಕೂತು ಬಂದವನು "ಉಸ್ಸಪ್ಪಾ" ಎಂದರೆ ನಂಬುವವರು ಯಾರು?

ನಮ್ಮ ದೊಡ್ಡಪ್ಪನಂತೂ ನಂಬುವುದಿಲ್ಲ. ತೀರ್ಥಹಳ್ಳಿ ಕಡೆಯ ಅವರು ಎಪ್ಪತ್ತು ದಾಟಿದ ಮೇಲೂ ದಿನಕ್ಕೆರಡು ಸಲ ತೋಟಕ್ಕೆ ಇಳಿದು ಹತ್ತುತ್ತಾರೆ. ಬೆಂಗಳೂರಿಗೆ ಬಂದಾಗ ನಾನು ಲ್ಯಾಪ್‌ಟಾಪ್ ಮುಚ್ಚಿ ಸೋಫಾದ ಮೇಲೆ ಕುಸಿಯುವುದನ್ನು ಕುತೂಹಲದಿಂದ ನೋಡಿ, "ಏನು ಎತ್ತಿಟ್ಟೆ ಮಾರಾಯಾ?" ಎಂದು ಕೇಳುತ್ತಾರೆ. ನಿಜಕ್ಕೂ ಏನನ್ನೂ ಎತ್ತಿಟ್ಟಿರುವುದಿಲ್ಲ. ಹೆಚ್ಚೆಂದರೆ ಒಂದು ಫೈಲನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹಾಕಿರುತ್ತೇನೆ.

ಹೀಗಾಗಿ ನನ್ನ ಸುಸ್ತಿಗೆ ಸಾಕ್ಷಿ ಹುಡುಕುವುದು ನನಗೊಂದು ಹವ್ಯಾಸವಾಯಿತು. ಮೊದಲು ಸಿಕ್ಕವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. ಕಸುಬುಗಳಿಂದ ಬರುವ ರೋಗಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದವನು. ಗಣಿಯವರು, ಕುಂಬಾರರು, ಅಗಸರು ಎಲ್ಲ ಮುಗಿದ ಮೇಲೆ, 1713ರ ಆವೃತ್ತಿಯಲ್ಲಿ ಗುಮಾಸ್ತರನ್ನೂ ಸೇರಿಸಿಕೊಂಡ. ಇವರಿಗೆ ಕಾಯಿಲೆ ಬರಲು ಮೂರು ಕಾರಣ ಎಂದ: ಸದಾ ಕೂತೇ ಇರುವುದು, ಕೈಯನ್ನು ಒಂದೇ ರೀತಿ ಆಡಿಸುತ್ತಿರುವುದು, ಎಲ್ಲಿ ತಪ್ಪಾಗುತ್ತದೋ ಎಂದು ತಲೆ ಬಿಗಿಹಿಡಿದಿರುವುದು. ಓದಿದಾಗ ನನ್ನ ಕಣ್ಣು ತುಂಬಿ ಬರಬೇಕಿತ್ತು. ಬರಲಿಲ್ಲ, ಅದಕ್ಕೆ ಬೇರೆ ಕಾರಣವಿದೆ, ಮುಂದೆ ಹೇಳುತ್ತೇನೆ.

ಇನ್ನೊಬ್ಬನೂ ಇಟಲಿಯವನೇ, ಟ್ಯೂರಿನ್ನಿನ ಆಂಜೆಲೊ ಮೊಸ್ಸೊ. ಈತ ಸುಸ್ತನ್ನು ಅಳೆಯಲು ಯಂತ್ರವನ್ನೇ ಮಾಡಿದ. ಮುಂಗೈಯನ್ನು ಕಟ್ಟಿಹಾಕಿ, ನಡುಬೆರಳಿಗೆ ದಾರದಲ್ಲೊಂದು ತೂಕ ತಗುಲಿಸಿ, ಮೇಲಿಂದ ಮೇಲೆ ಎಳೆ ಎನ್ನುವುದು. ಬೆರಳು ಸೋಲುತ್ತ ಹೋದ ಹಾಗೆ, ಪ್ರತಿ ಎಳೆತಕ್ಕೂ ಯಂತ್ರ ಗೀಚುವ ಗೆರೆಗಳು ಗಿಡ್ಡವಾಗುತ್ತ ಬರುತ್ತವೆ. ಸ್ವಾರಸ್ಯ ಇರುವುದು ಮುಂದೆ. ಗಂಟೆಗಟ್ಟಲೆ ಕೂತು ಮೌಖಿಕ ಪರೀಕ್ಷೆ ತೆಗೆದುಕೊಂಡು ಬಂದ ಅಧ್ಯಾಪಕರ ಬೆರಳನ್ನೂ ಯಂತ್ರಕ್ಕೆ ಸಿಕ್ಕಿಸಿದಾಗ ಅದೂ ಬೇಗ ಸೋತಿತು. ತೂಕ ಎತ್ತದೆ, ಬರೀ ಪ್ರಶ್ನೆ ಕೇಳಿ, ಉತ್ತರ ಸಹಿಸಿಕೊಂಡು ಬಂದವರ ಬೆರಳು! 1891ರಲ್ಲಿ ಮೊಸ್ಸೊ ಸುಸ್ತಿನ ಮೇಲೇ ಒಂದು ಪುಸ್ತಕ ಪ್ರಕಟಿಸಿದ. ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. "ಮೇಷ್ಟ್ರುಗಳು ಮೊದಲಿಂದಲೂ ಹಾಗೇ" ಎಂದು ಎಲೆಗೆ ಸುಣ್ಣ ಹಚ್ಚಿದರು.

ಕಣ್ಣಿನ ಕಥೆ ಬೇರೆ. 1993ರಲ್ಲಿ ಜಪಾನಿನ ಇಬ್ಬರು ವೈದ್ಯರು ಎವೆಯ ಬಡಿತವನ್ನು ಎಣಿಸಿದರು. ಸುಮ್ಮನೆ ಕೂತವರು ನಿಮಿಷಕ್ಕೆ ಸರಾಸರಿ 22 ಸಲ, ಪುಸ್ತಕ ಓದುವವರು 10, ಪರದೆ ನೋಡುವವರು ಬರೀ 7 ಸಲ ಕಣ್ಣು ಮಿಟುಕಿಸುತ್ತಾರಂತೆ. ಓದಿದ ತಕ್ಷಣ ನನ್ನದನ್ನೂ ಎಣಿಸಲು ಹೊರಟೆ. ಎಣಿಸುತ್ತೇನೆ ಎಂದು ಗೊತ್ತಾದ ಕೂಡಲೇ ಕಣ್ಣು ಹೊಸ ಮದುವಣಗಿತ್ತಿಯ ಹಾಗೆ ಪಟಪಟನೆ ಬಡಿದುಕೊಳ್ಳತೊಡಗಿತು. ಕೊನೆಗೆ ಮಗಳನ್ನು ಎದುರು ಕೂರಿಸಿದೆ. ಅವಳು ಎಣಿಸುತ್ತ ಎಣಿಸುತ್ತ ತಾನೇ ಎವೆ ಬಡಿಯುವುದನ್ನು ಮರೆತು, "ಅಪ್ಪಾ ಕಣ್ಣು ಉರಿ" ಎಂದು ಎದ್ದು ಹೋದಳು.

ಕಣ್ಣಿನ ಡಾಕ್ಟರು ಎಣಿಸುವ ಗೋಜಿಗೆ ಹೋಗಲಿಲ್ಲ. ಸಣ್ಣ ಕಾಗದದ ಪಟ್ಟಿಯೊಂದರ ತುದಿ ಮಡಚಿ ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಷಿರ್ಮರ್ ಪರೀಕ್ಷೆ ಅಂತೆ. ಪಟ್ಟಿ ಹತ್ತು ಮಿಲಿಮೀಟರಿಗಿಂತ ಹೆಚ್ಚು ಒದ್ದೆಯಾದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನನ್ನದು ಅರ್ಧ ದಾರಿಯಲ್ಲೇ ನಿಂತಿತು. "ಕಣ್ಣೀರು ಕಡಿಮೆ" ಎಂದರು ಡಾಕ್ಟರು. ಪಕ್ಕದಲ್ಲಿದ್ದ ನನ್ನ ಹೆಂಡತಿ, "ಇವರ ತಂಗೀನ ಗಂಡನ ಮನೆಗೆ ಕಳಿಸುವಾಗಲೇ ನನಗೆ ಗೊತ್ತಾಗಿತ್ತು" ಎಂದಳು.

ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಮಿನುಗುವ ದೀಪದ ಪರೀಕ್ಷೆ. ಜಪಾನಿನಲ್ಲಿ ಕೆಲಸಗಾರರ ಸುಸ್ತು ಅಳೆಯಲು ಇದನ್ನು ಬಹಳ ಬಳಸಿದ್ದಾರೆ. ದೀಪ ಮಿನುಗುವ ವೇಗವನ್ನು ಏರಿಸುತ್ತ ಹೋದರೆ ಒಂದು ಹಂತದಲ್ಲಿ ಅದು ಮಿನುಗುತ್ತಲೇ ಇಲ್ಲ, ಸ್ಥಿರವಾಗಿದೆ ಎಂದು ಕಾಣುತ್ತದೆ. ದಣಿದವರಿಗೆ ಆ ಹಂತ ಬೇಗ ಬರುತ್ತದೆ. ಅಂದರೆ ಸಾಕಷ್ಟು ಸುಸ್ತಾದರೆ ಮನುಷ್ಯ ಸ್ಥಿತಪ್ರಜ್ಞನಾಗುತ್ತಾನೆ. ನಮ್ಮ ಆಫೀಸಿನಲ್ಲಿ ಸಂಜೆ ಏಳರ ಮೇಲೆ ಯಾವ ಇಮೇಲಿಗೂ ವಿಚಲಿತರಾಗದ ಕೆಲವರಿದ್ದಾರೆ. ನಾನು ಅವರನ್ನು ಜ್ಞಾನಿಗಳೆಂದುಕೊಂಡಿದ್ದೆ.

ಕೈಗಡಿಯಾರವೂ ಒಂದು ಬಂತು. ಎರಡು ಎದೆಬಡಿತಗಳ ನಡುವಿನ ಅಂತರ ಒಂದೇ ಸಮ ಇರಬಾರದು, ತುಸು ಏರುಪೇರಾಗುತ್ತಿರಬೇಕು ಎಂಬ ಸೂಕ್ಷ್ಮವನ್ನು ಹಿಡಿದು, ನಿದ್ದೆಯ ಲೆಕ್ಕವನ್ನೂ ಬೆರೆಸಿ, ಬೆಳಿಗ್ಗೆ ನೂರಕ್ಕೆ ಇಷ್ಟು ಎಂದು ನನಗೆ ಅಂಕ ಕೊಡುತ್ತದೆ. ಚೆನ್ನಾಗಿ ನಿದ್ದೆ ಬಂತು ಎಂದು ಮೈಮುರಿಯುವಷ್ಟರಲ್ಲಿ 38 ಎನ್ನುತ್ತದೆ. ಸುಸ್ತು ಶುರುವಾಗುವುದೇ ಆಗ. ಊರಿಗೆ ಹೋದಾಗ ಅದನ್ನು ದೊಡ್ಡಪ್ಪನ ಕೈಗೆ ಕಟ್ಟಿದೆ. ಅವರು ಚಾವಡಿಯಲ್ಲಿ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತ ಕೂತಿದ್ದರು. ಕೈ ಆಡಿದ ಹಾಗೆಲ್ಲ ವಾಚು ಹೆಜ್ಜೆ ಎಣಿಸಿತು. ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪ ಕೂತಲ್ಲಿಂದ ಏಳದೆ ಮೈಲಿಗಟ್ಟಲೆ ನಡೆದು ಮುಗಿಸಿದ್ದರು. ನಾನೂ ಕೂತೇ ಕೈ ಆಡಿಸುವವನು. ನನ್ನ ಟೈಪಿಂಗಿಗೆ ಅದು ಒಂದು ಹೆಜ್ಜೆಯನ್ನಾದರೂ ಕೊಟ್ಟದ್ದುಂಟೇ? ಇಷ್ಟು ದುಡ್ಡು ಕೊಟ್ಟು ತಂದ ಸಾಕ್ಷಿ ಎದುರು ಪಕ್ಷಕ್ಕೆ ಹೋಯಿತು.

ಇಷ್ಟೆಲ್ಲ ಯಂತ್ರಗಳ ಹಿಂದೆ ಓಡಿದ ವಿಜ್ಞಾನಿಗಳು ಕೊನೆಗೆ ಏನು ಮಾಡುತ್ತಾರೆ ಗೊತ್ತೇ? ಮನುಷ್ಯನನ್ನೇ ಕೇಳುತ್ತಾರೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಶ್ರಮದ ಅಳತೆಪಟ್ಟಿ 6ರಿಂದ 20ರವರೆಗೆ ಇದೆ. ಆರರಿಂದ ಯಾಕೆ ಶುರು ಎಂದರೆ, ನೀವು ಹೇಳಿದ ಅಂಕೆಗೆ ಒಂದು ಸೊನ್ನೆ ಸೇರಿಸಿದರೆ ಆ ಹೊತ್ತಿನ ಎದೆಬಡಿತ ಹೆಚ್ಚುಕಡಿಮೆ ಸಿಗಲಿ ಅಂತ. ತೂಕಡಿಕೆಗೆ ಅದೇ ದೇಶದ ಕರೊಲಿನ್ಸ್ಕಾ ಪಟ್ಟಿ: ಒಂದೆಂದರೆ ಪೂರ್ತಿ ಎಚ್ಚರ, ಒಂಬತ್ತೆಂದರೆ ನಿದ್ದೆಯೊಡನೆ ಕುಸ್ತಿ. ಅನ್ನ ಸಾರು ಉಂಡು ಎರಡೂವರೆಯ ಮೀಟಿಂಗಿನಲ್ಲಿ ಕೂತವನಿಗೆ ಈ ಪಟ್ಟಿ ಬಹಳ ಚಿಕ್ಕದಾಯಿತು ಎಂಬುದು ನನ್ನ ಅಭಿಪ್ರಾಯ.

ನಮ್ಮ ಆಫೀಸೂ ಈಚೆಗೆ ಕೇಳಿತು. ಎಚ್ಆರ್‌ನಿಂದ ಒಂದು ಫಾರ್ಮು ಬಂತು. ಪರದೆಯ ಮೇಲೇ ತುಂಬಬೇಕು, ಮೂವತ್ತಕ್ಕೂ ಹೆಚ್ಚು ಪ್ರಶ್ನೆ. ಕಣ್ಣುರಿಯೇ? ಕತ್ತು ನೋವೇ? ಸುಸ್ತಿಗೆ ಹತ್ತರಲ್ಲಿ ಎಷ್ಟು? ಹೆಸರು ಬೇಕಾಗಿಲ್ಲ, ಆದರೆ ನೌಕರಿ ಸಂಖ್ಯೆ ಕಡ್ಡಾಯ. ಆ ವಾರ ಮನೆಯಲ್ಲೇ ಇದ್ದ ದೊಡ್ಡಪ್ಪನಿಗೆ ಓದಿ ಹೇಳಿ, "ನೀವಾಗಿದ್ದರೆ ಎಷ್ಟು ಹಾಕ್ತಿದ್ರಿ?" ಎಂದೆ.

"ಕೇಳೋದು ಯಾರು?" ಎಂದರು.

"ಕಂಪನಿ."

"ಸಂಬಳ ಕೊಡೋರಾ? ಹಾಗಾದ್ರೆ ಕಡಿಮೆ ಹಾಕು. ನಮ್ಮಲ್ಲಿ ಆಳುಗಳು ಕೆಲಸಕ್ಕೆ ಬರುವಾಗ ಒಂದು ಹೇಳ್ತಾರೆ, ಕೂಲಿ ಮಾತಾಡುವಾಗ ಇನ್ನೊಂದು. ನಾನೂ ಅಷ್ಟೇ, ನಿಮ್ಮ ದೊಡ್ಡಮ್ಮನ ಹತ್ತಿರ ಒಂದು, ಡಾಕ್ಟರ ಹತ್ತಿರ ಇನ್ನೊಂದು."

ಯಾವ ಪಟ್ಟಿಯಲ್ಲೂ ಇದಕ್ಕೊಂದು ಕಲಂ ಇದ್ದದ್ದು ನನಗೆ ಕಾಣಲಿಲ್ಲ. ನಾನು ಮೂರು ಹಾಕಿದೆ. ನಮ್ಮ ತಂಡದವರೆಲ್ಲ ಮೂರೋ ನಾಲ್ಕೋ ಹಾಕಿದ್ದರು. ಎಲ್ಲರ ಮನೆಯಲ್ಲೂ ಒಬ್ಬೊಬ್ಬ ದೊಡ್ಡಪ್ಪ ಇರಬೇಕು. ಪಕ್ಕದ ತಂಡದ ಹುಡುಗರು ಇನ್ನೂ ಹೊಸಬರು, ಕೇಳಿದ್ದಾರಲ್ಲ ಎಂದು ಪ್ರಾಮಾಣಿಕವಾಗಿ ಎಂಟು, ಒಂಬತ್ತು ಹಾಕಿಬಿಟ್ಟರು.

ಫಲಿತಾಂಶದ ದಿನ ಮ್ಯಾನೇಜರು ಬಣ್ಣಬಣ್ಣದ ನಕ್ಷೆ ತೋರಿಸಿದರು. ಇಡೀ ಮಹಡಿಯಲ್ಲಿ ಅತ್ಯಂತ ಚೈತನ್ಯವುಳ್ಳ ತಂಡ ನಮ್ಮದೇ ಎಂದು ಚಪ್ಪಾಳೆ ಆಯಿತು. ಅದೇ ಉಸಿರಿನಲ್ಲಿ, ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಮಾತಾಡಬೇಕಾದ ಹೊಸ ಪ್ರಾಜೆಕ್ಟೂ ನಮಗೇ ಬಂತು. ಪಕ್ಕದ ತಂಡದ ಹುಡುಗರು ನಮ್ಮ ಕಡೆ ನೋಡಿ ನಕ್ಕರು. ಅವರ ನಕ್ಷೆ ಬರುವುದು ಇನ್ನೂ ಬಾಕಿ ಇತ್ತು. ಅವರಿಗೆ ಸುಸ್ತು ನಿವಾರಣೆಗೆಂದು ಯೋಗ ತರಗತಿ ಗೊತ್ತುಮಾಡಿದ್ದರು: ಪ್ರತಿ ಶನಿವಾರ ಬೆಳಿಗ್ಗೆ ಆರೂವರೆಗೆ, ಆಫೀಸಿನಲ್ಲೇ, ಹಾಜರಿ ಕಡ್ಡಾಯ.